ಐವತ್ತೂ ಎರಡೇ ಇಂಚು

ಸತ್ತ ಮೀನುಮರಿಗಳು ದಡದುದ್ದಕ್ಕೂ ಬಿದ್ದಿದ್ದವು. ಸಾವಿರಾರು. ಹೊಟ್ಟೆ ಊದಿ, ಕಣ್ಣು ಬೆಳ್ಳಗಾಗಿ. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು ಅಂದು ಹೊಲಸು ನಾರುತ್ತಿತ್ತು. ೧೯೯೮ರ ಒಂದು ಗುರುವಾರ.

ಪಿಎಸ್ಐ ಮಹಾಂತಪ್ಪ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ.

ಮರಿ ಬಿಟ್ಟು, ಬಲೆ ಎಳೆದು ಅವುಗಳ ಬೆಳವಣಿಗೆ ಅಳೆಯುವ ಗುತ್ತಿಗೆ ಬಸಯ್ಯನದು. ಅವನು ದೂರದಲ್ಲೇ ನಿಂತಿದ್ದ.

"ಸೋಮವಾರ ಬಿಟ್ಟೇನ್ರಿ. ನಿನ್ನೆ ಐವತ್ತು ಮರಿ ಹಿಡದು ಅಳದೇನಿ. ಎಲ್ಲಾ ಜೀವಂತ ಇದ್ವು. ದೊಡ್ಡ ಮೀನಿನ ಆಸೆಗೆ ಈ ಲಗಮಪ್ಪ ವಿಷ ಹಾಕ್ಯಾನ. ಗುಡಿಸಲಾಗ ಔಷಧಿ ಡಬ್ಬಿ ಸಿಕ್ಕೈತಿ."

ಬೇಡಿ ಹಾಕಿಸಿಕೊಂಡು ಕುಳಿತಿದ್ದ ಮೀನುಗಾರ ಲಗಮಪ್ಪ ಉಗುಳಿದ. "ಅದು ಹತ್ತಿಗೆ ಹೊಡಿಯೂ ಔಷಧರೀ. ನನ್ನ ಅನ್ನಕ್ಕ ನಾನ ವಿಷ ಹಾಕಲೇನು? ಜೈಲಿಗೆ ಹೋದ್ರ ಮನ್ಯಾಗ ಒಲಿ ಹತ್ತಂಗಿಲ್ಲ."

ಮಹಾಂತಪ್ಪ ಬಗ್ಗಿ ನೋಡಿದ. ಸತ್ತ ಮರಿಗಳನ್ನು ಏಡಿಗಳು ಹರಿದು ತಿನ್ನುತ್ತಿದ್ದವು. ಚುರುಕಾಗಿ.

*

"ನಿನ್ನೆ ಅಳದ ಪುಸ್ತಕ ತಾ."

ಬಸಯ್ಯ ಕೊಟ್ಟ. ಐವತ್ತು ಸಾಲು. ಎರಡು ಇಂಚು, ಎರಡು ಇಂಚು, ಎರಡು ಇಂಚು.

"ಒಂದ ತಾಯಿ ಮಕ್ಕಳೂ ಒಂದ ಎತ್ತರ ಇರೂದಿಲ್ಲೋ. ಯಾವ ಬಲಿ ಎಳದಿ?"

ಬಸಯ್ಯ ಜೀಪಿನಲ್ಲಿದ್ದ ಬಲೆ ತೋರಿಸಿದ. ಲಗಮಪ್ಪ ನಕ್ಕುಬಿಟ್ಟ.

"ಸಾಹೇಬ್ರ, ಈ ಬಲಿ ಕಣ್ಣಾಗ ನನ್ನ ಹೆಬ್ಬೆರಳು ಹಾಯತೈತಿ. ಮರಿ ಹಿಡಿಯಾಕ ಸೊಳ್ಳಿಪರದಿಯಂಥಾ ಬಲಿ ಬೇಕು. ಇದರಾಗ ಇಂವ ನೀರಷ್ಟ ಹಿಡದಾನ."

ಮಹಾಂತಪ್ಪ ಒಂದು ಮರಿಯನ್ನು ಎತ್ತಿ ಬಲೆಯ ಮೇಲೆ ಹಾಕಿದ. ಅದು ಕಣ್ಣಿನೊಳಗಿಂದ ತೂರಿ ಬಸಯ್ಯನ ಬೂಟಿನ ಮೇಲೆ ಬಿತ್ತು. ಬಸಯ್ಯ ಹೌಹಾರಿ ಕಾಲು ಕೊಡವಿದ.

"ವಿಷ ಬಿದ್ದಿದ್ರ ಮೊದಲು ಏಡಿ ಸಾಯತಿದ್ವು. ನೀ ನಿನ್ನೆ ಬಲಿ ಎಳದೇ ಇಲ್ಲ. ಕುಂತಲ್ಲೇ ಬರದಿ. ಯಾಕಂದ್ರ ಇಲ್ಲಿ ಅಳಿಯಾಕ ಜೀವಂತ ಮರಿನ ಇರಲಿಲ್ಲ. ಸತ್ತ ಮರಿ ತಂದು ಸುರುವಿದಿ. ಹೌದಿಲ್ಲೋ?"

ಬಸಯ್ಯ ತಲೆ ತಗ್ಗಿಸಿದ. "ಮರಿ ತರೂಮುಂದ ದಾರ್ಯಾಗ ಯರಗಟ್ಟ್ಯಾಗ ಊಟಕ್ಕ ನಿಂತಿದ್ವಿರಿ. ಬಿಸಲಿಗೆ ಡ್ರಮ್ಮಿನ್ಯಾಗಿನ ನೀರು ಕಾದು ಎಲ್ಲಾ ಸತ್ತ್ವು. ಗುತ್ತಿಗೆ ಹೋಗತೈತಂತ... ಬರೇ ಮೀನಲ್ರೀ, ಅದಕ್ಯಾಕ ಇಷ್ಟ—"

"ಮೀನು ಸಾಯ್ಲಿ. ಈ ಮನಷ್ಯಾನ್ನ ಯಾಕ ಸಿಗಿಸಿದಿ?"

ಮಹಾಂತಪ್ಪನಿಗೆ ದಡದ ನಾತಕ್ಕಿಂತ ಬಸಯ್ಯನ ಮುಖವೇ ಹೇಸಿಗೆ ತರಿಸಿತು.

ಬೇಡಿ ಬಿಚ್ಚಿದರು. ಲಗಮಪ್ಪ ಕೈ ಮುಗಿಯಲಿಲ್ಲ. ಹಿನ್ನೀರನ್ನೇ ನೋಡುತ್ತ ಕೇಳಿದ:

"ನನ್ನ ಬಿಟ್ರಿ, ಛಲೋ ಆತು. ಬರೂ ವರ್ಷ ಇದರಾಗ ಏನ ಹಿಡೀಲಿರಿ?"