ಉರ್ಫ್ ಮಲಕಾಜಪ್ಪ

೧೯೯೭ರ ಜೂನ್ ೧೨, ಬೆಳಿಗ್ಗೆ ಹತ್ತೂವರೆ. ಬೈಲಹೊಂಗಲ ತಾಲೂಕಿನ ಠಾಣೆಯೊಂದಕ್ಕೆ ದೊಡವಾಡದ ಲಗಮವ್ವ ಗಂಡನೊಂದಿಗೆ ಬಂದಳು. ಹೊಲದಲ್ಲಿ ಅವಳ ಕಣ್ಣೆದುರೇ ಮಗ ಗುರುನಾಥನನ್ನು ಒಬ್ಬ ಕುಡಗೋಲಿನಿಂದ ಕೊಚ್ಚಿ ಕೊಂದಿದ್ದ. ನೋಡಿದವಳು ಅವಳೊಬ್ಬಳೇ. ದೂರು ಬರೆದುಕೊಳ್ಳಲು ಹವಾಲ್ದಾರ ನಿಂಗರಾಜ ಕುಳಿತ.

“ಗಂಡನ ಹೆಸರೇನಬೇ?”

ಲಗಮವ್ವ ತಲೆ ತಗ್ಗಿಸಿದಳು. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ. ಬಾಗಿಲಲ್ಲಿ ನಿಂತ ಗಂಡನೇ, “ಪರಪ್ಪ ಅಂತ ಬರಕೋರಿ” ಎಂದ.

“ಹೊಡದವ ಯಾರು?”

“ಬಾಜೂ ಹೊಲದ ಮಲಕಾಜಪ್ಪರಿ.”

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಗೌರೀಶ ಹೊಲದಲ್ಲಿ ಪಂಚನಾಮೆ ಮಾಡುವಾಗ ಆ ಹೆಸರು ಕೇಳಿ ಪಂಚರು ಮುಖ ಮುಖ ನೋಡಿಕೊಂಡರು. ಮಲಕಾಜಪ್ಪ ಸತ್ತು ಹತ್ತು ವರ್ಷವಾಗಿತ್ತು. ಬಾಜೂ ಹೊಲ ಈಗ ಅವನ ಮಗನದು, ಆ ಮಗನ ಹೆಸರೂ ಪರಪ್ಪ. ಗಂಡನ ಹೆಸರಿನವನೆಂದು ಲಗಮವ್ವ ಅವನನ್ನು ಇಪ್ಪತ್ತು ವರ್ಷದಿಂದ ಅವನಪ್ಪನ ಹೆಸರಿನಿಂದಲೇ ಕರೆಯುತ್ತಿದ್ದಳು, ಕೇಳಿ ರೂಢಿಯಾದ ಗಂಡನಿಗೂ ಠಾಣೆಯಲ್ಲಿ ಅದು ತಪ್ಪೆನಿಸಿರಲಿಲ್ಲ. ಜೊತೆಗಿದ್ದ ನಿಂಗರಾಜ ನಾಲಿಗೆ ಕಚ್ಚಿಕೊಂಡ. ಸಾಲಹಳ್ಳಿಯಲ್ಲಿ ಅವನ ಸ್ವಂತ ತಾಯಿಯೂ ಹೀಗೇ ಮಾಡುತ್ತಿದ್ದಳು, ಆದರೂ ಈ ಮಹಾಶಯನ ತಲೆ ಓಡಿರಲಿಲ್ಲ.

ಜೂನ್ ೧೪ರ ಮಧ್ಯಾಹ್ನ ಸಂಪಗಾಂವದ ತಂಗಿಯ ಮನೆಯಲ್ಲಿ ಬಾಜೂ ಹೊಲದ ಪರಪ್ಪ ಸಿಕ್ಕಿಬಿದ್ದ. ಕುಡಗೋಲನ್ನು ಹೊಳೆಗೆ ಎಸೆದಿದ್ದ, ಅದು ಸಿಗಲೇ ಇಲ್ಲ.

“ಯಾಕ ಹೊಡದಿ?” ಗೌರೀಶ ಕೇಳಿದ.

“ಗುರುನಾಥ ನನ್ನ ಬಂಡಿ ಹಾದಿಗೆ ಮುಳ್ಳ ಹಚ್ಚಿದ್ದರಿ. ಮೂರು ಸಲ ಕೈ ಮುಗದೆ. ಬಿತ್ತೂ ದಿನಾ ದಾಟಾಕ ಹತ್ತಿದ್ವು.” ಇಷ್ಟು ಹೇಳಿ ಅವನು ಬಿಕ್ಕಿ ಅತ್ತ. ಪೊಲೀಸರ ಮುಂದಿನ ಆ ಮಾತು ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ.

ಲಗಮವ್ವನನ್ನು ಕರೆಸಿ ಮರುಹೇಳಿಕೆ ಬರೆದುಕೊಳ್ಳಬೇಕಿತ್ತು. ಮಗನ ದಿನಕರ್ಮ ಮುಗಿಯದ ತಾಯಿಗೆ ಮತ್ತೆ ಠಾಣೆ ಹತ್ತಿಸುವುದೇಕೆಂದು ನಿಂಗರಾಜ ಎರಡು ಹೆಸರನ್ನು ಒಬ್ಬನಿಗೇ ಅಂಟಿಸುವ ಠಾಣೆಯ ಹಳೇ ರೂಢಿ ಹಿಡಿದ. ದೋಷಾರೋಪ ಪಟ್ಟಿಯಲ್ಲಿ ‘ಪರಪ್ಪ ಉರ್ಫ್ ಮಲಕಾಜಪ್ಪ’ ಎಂದು ಟೈಪ್ ಮಾಡಿಸಿದ. ಗೌರೀಶ ಸಹಿ ಹಾಕಿದ. ಕೆಲಸ ಮುಗಿಯಿತೆಂದು ಇಬ್ಬರೂ ಚಹಾ ಕುಡಿದರು.

೨೦೦೦ದ ಮಾರ್ಚಿನಲ್ಲಿ ಆರೋಪಿಯ ವಕೀಲರು ಮಲಕಾಜಪ್ಪನ ಮರಣ ದಾಖಲೆಯನ್ನು ನ್ಯಾಯಾಧೀಶರ ಮುಂದಿಟ್ಟರು. “ದೂರಿನಾಗ ಇದ್ದಾವ ಸತ್ತು ಹೋಗ್ಯಾನ. ನಮ್ಮ ಕಕ್ಷಿದಾರಗ ಈ ಉರ್ಫ್ ಇಟ್ಟವರು ಯಾರ್ರಿ?”

“ನಾನರಿ,” ಎಂದ ಕಟಕಟೆಯಲ್ಲಿದ್ದ ನಿಂಗರಾಜ.

ಲಗಮವ್ವ ಬೆರಳು ಮಾಡಿ “ಇವನರಿ ಹೊಡದವ” ಎಂದಳು. ಹೆಸರು ಹೇಳಮ್ಮ ಎಂದು ವಕೀಲರು ಕೇಳಿದರೆ ಬಾಯಿ ಬಿಡಲಿಲ್ಲ. ಗಂಡ ಹಿಂದಿನ ಬೆಂಚಿನಲ್ಲಿ ಜೀವಂತ ಕುಳಿತಿದ್ದ. ಮೊದಲ ದೂರಿನಲ್ಲಿಲ್ಲದ ಹೆಸರನ್ನು ಪೊಲೀಸರು ಆಮೇಲೆ ಸೇರಿಸಿದ್ದಾರೆಂದು ನ್ಯಾಯಾಲಯ ಸಂಶಯದ ಲಾಭ ಕೊಟ್ಟಿತು. ಪರಪ್ಪ ಬಿಡುಗಡೆಯಾದ.

ಹೊರಗೆ ಲಗಮವ್ವ ನಿಂಗರಾಜನನ್ನು ತಡೆದಳು. “ನಾ ಹೆಸರ ಅಂದಿದ್ದರ ನನ್ನ ಮಗಗ ನ್ಯಾಯ ಸಿಗತಿತ್ತೇನ್ರಿ?”

ನಿಂಗರಾಜ ಟೊಪ್ಪಿಗೆ ತೆಗೆದ. “ನಿನ್ನ ತಪ್ಪಲ್ಲಬೇ ಯವ್ವಾ. ಬರದಾವ ನಾ. ಕೇಳಬೇಕಿತ್ತು, ಕೇಳಲಿಲ್ಲ.”

ಅವಳ ಮುಖ ತುಸು ತಿಳಿಯಾಯಿತು. “ಬರದದ್ದು ತಪ್ಪಾಗಿದ್ದರ ತಿದ್ದಿ ಕೊಡ್ರಿ ಮತ್ತ. ನಾವು ಇಲ್ಲೇ ಕುಂತಿರತೇವಿ,” ಎಂದು ಗಂಡನ ಪಕ್ಕ ಬೇವಿನ ಗಿಡದ ಬುಡದಲ್ಲಿ ಕುಳಿತಳು.