ಲೈನ್ ಹೋಗೋ ತನಕ

"ಕುಡುಕ ಅಪ್ಪ ಮಗನಿಗೆ ಬಾಟ್ಲಿ ಹಿಡಿಯೋದು ಕಲಸ್ತಾನ. ನಿಮ್ಮಪ್ಪ ನಿನಗ ವಿಡಿಯೋ ಗೇಮ್ ಕಲಸ್ಯಾನ. ಎರಡಕ್ಕೂ ಏನ್ ಫರಕ್ ಅದನೋ?"

ಗಣಿತದ ಸರ್ ಈ ಮಾತನ್ನು ಇಡೀ ಐದನೇ ಕ್ಲಾಸಿಗೆ ಕೇಳುವಂತೆ ಹೇಳಿದರು. ಅವರ ಅಂಗೈಯಲ್ಲಿ ಹುಣಸೆ ಬೀಜಗಳಿದ್ದವು. ಮಾಪಣ್ಣ ಪಾಠದ ಹೊತ್ತಿನಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದು, ಆ ಬೀಜಗಳನ್ನು ಸಾಲುಸಾಲಾಗಿ ಕೆಳಗೆ ಇಳಿಸುತ್ತಾ ಸಿಕ್ಕಿಬಿದ್ದಿದ್ದ.

"ಟಿವಿ ಇಲ್ಲದ ವಿಡಿಯೋ ಗೇಮ್ ರೀ ಸರ್," ಅಂದ ಹಿಂದಿನ ಸಾಲಿನ ಜಹಾಂಗೀರ್. "ಕರೆಂಟ್ ಬಿಲ್ಲೂ ಬರಂಗಿಲ್ಲ."

ಕ್ಲಾಸೆಲ್ಲಾ ನಕ್ಕಿತು.

ಮಾಪಣ್ಣನ ಮನೆಯಲ್ಲಿ ಟಿವಿ ಇರಲಿಲ್ಲ. ಅವನ ಅಪ್ಪ ಗುಂಡಣ್ಣ ಕಮಲಾಪುರದಲ್ಲಿ ಲಾರಿಗೆ ಬಾಳೆಗೊನೆ ಹೇರುತ್ತಿದ್ದ. ಸಣ್ಣವನಿದ್ದಾಗ ಕಲಬುರಗಿಯ ಒಂದು ಅಂಗಡಿಯಲ್ಲಿ ವಿಡಿಯೋ ಗೇಮ್ ಆಡಿದ್ದ. ಅದನ್ನೇ ಈಗ ಸಂಜೆ ಹೊತ್ತು ಮಗನಿಗೆ ಕಲಿಸುತ್ತಿದ್ದ. ಸೀಮೆಸುಣ್ಣದ ಚೌಕವೇ ಟಿವಿ, ಬೀಜಗಳೇ ಮೇಲಿಂದ ಇಳಿಯುವ ವೈರಿ ಹಡಗುಗಳು, ಕೆಳಗೆ ಒಂದು ಅಂಗಿ ಗುಂಡಿ. ಅದು ನಮ್ಮ ಹಡಗು.

ಮಾಪಣ್ಣ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕಿವಿ ಕಾದಿದ್ದವು, ಬಾಯಿ ನಿಲ್ಲಲಿಲ್ಲ.

"ನಮ್ಮಪ್ಪ ಎಲ್ಲರಿಗಿಂತ ಛಲೋ ಆಡ್ತಾನ್ರಿ. ಕಲಬುರ್ಗಿ ಮಶೀನಿನ್ಯಾಗ ಅವನ ಹೆಸರೇ ಫಸ್ಟ್ ಅದರಿ."

ಸರ್ ಮುಗುಳ್ನಕ್ಕರು. ಅವರ ನಗೆಗಿಂತ ಛಡಿಯೇ ವಾಸಿ ಅಂತ ಹುಡುಗರೆಲ್ಲ ಹೇಳುತ್ತಿದ್ದರು.

"ಏಳನೇ ಕ್ಲಾಸ್ ದಾಟದವ ಫಸ್ಟ್ ಬಂದಾನ. ಭೇಷ್. ಹಂಗಾರ ಹೋಗಿ ನೋಡ್ಕೊಂಡು ಬಾ. ಹೆಸರು ಇತ್ತಂದ್ರ ನಿಮ್ಮಪ್ಪನ್ನ ಕರಸಿ ಇಲ್ಲಿ ಕುರ್ಚಿ ಹಾಕಿ ಕೂಡಸ್ತೀನಿ. ಇಲ್ಲಂದ್ರ ಸೋಮವಾರ ನೀ ಇಲ್ಲೇ ನಿಂತು, 'ನಮ್ಮಪ್ಪ ಸುಳ್ಳ' ಅಂತ ಎಲ್ಲರ ಮುಂದ ಹೇಳಬೇಕು."

ಸಂಜೆ ಮಾಪಣ್ಣ ಎಲ್ಲವನ್ನೂ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವ್ವ ಪುತಳಾಬಾಯಿ ತಲೆ ಎತ್ತಲಿಲ್ಲ.

"ಸರ್ ಅಂದದ್ರಾಗ ಏನ್ ತಪ್ಪದ? ತಾನು ಸಾಲಿ ಬಿಟ್ಟಿದ್ದು ಸಾಲ್ದು ಅಂತ ಮಗನ್ನೂ ಅದ್ರಾಗ ಎಳೀಲಿಕತ್ತಾನ."

ಗುಂಡಣ್ಣ ಬಚ್ಚಲಲ್ಲಿ ಕೈಗೆ ಹತ್ತಿದ ಬಾಳೆಯ ಕರೆ ತಿಕ್ಕುತ್ತಿದ್ದ. 'ನಮ್ಮಪ್ಪ ಸುಳ್ಳ' ಎಂಬ ಮಾತು ಕೇಳಿ ತಿಕ್ಕುವುದನ್ನು ನಿಲ್ಲಿಸಿದ.

"ಐತಾರ ಹೋಗಿ ಬರೋಣ," ಅಂದ. ಮತ್ತೆ ಕೈ ತಿಕ್ಕತೊಡಗಿದ.

ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ಕಲಬುರಗಿಯಲ್ಲಿ ಇಳಿದು ಗಲ್ಲಿ ಗಲ್ಲಿ ದಾಟಿ ಒಂದು ಅಂಗಡಿ ಮುಂದೆ ನಿಂತರು. ಒಳಗೆ ದೊಡ್ಡ ಹುಡುಗರು ಹೊಸ ಟಿವಿಗಳ ಮುಂದೆ ಕುಳಿತು ಗೇಮ್ ಆಡುತ್ತಿದ್ದರು. ಗಲ್ಲಾದಲ್ಲಿದ್ದ ಮುದುಕ ಕನ್ನಡಕ ಏರಿಸಿ ನೋಡಿದ.

"ಗುಂಡ್ಯಾ ಅಲ್ಲೇನೋ ನೀ? ಎಷ್ಟ್ ದಪ್ಪ ಆಗೀಯೋ."

"ಮಲಂಗಸಾಬ್ರ, ಆ ಹಳೇ ಡಬ್ಬಿ ಅದ ಏನ್ರಿ?"

"ಅದ. ಯಾರ್ ಆಡ್ತಾರ ಅದನ್ನ?"

ಡಬ್ಬಿ ಮೂಲೆಯಲ್ಲಿತ್ತು. ಕಪಾಟಿನಷ್ಟು ಎತ್ತರದ ಕಟ್ಟಿಗೆ ಪೆಟ್ಟಿಗೆ, ಅದರ ಮೇಲೆ ಸೋಡಾ ಬಾಟಲಿಗಳ ಟ್ರೇ. ಮಲಂಗಸಾಬ ಟ್ರೇ ಇಳಿಸಿ ಬಟನ್ ಒತ್ತಿದ. ಪರದೆ ಗುಂಯ್ ಎಂದು ಬೆಳಗಿತು. ಹೆಸರುಗಳ ಸಾಲು ಮೂಡಿತು.

ಮಾಪಣ್ಣ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದ. ಮೊದಲ ಸಾಲಿನಲ್ಲಿ ಎ ಎ ಎ. ಎರಡನೆಯದರಲ್ಲೂ ಎ ಎ ಎ. ಕೆಳಗಿನ ತನಕ ಬರೀ ಎ ಎ ಎ.

"ಅಪ್ಪಾ, ನಿನ್ನ ಹೆಸರು ಎಲ್ಲದ?"

ಮಲಂಗಸಾಬನೇ ಹೇಳಿದ. "ಕರೆಂಟಿನ ಲೈನ್ ಹೋದ್ರ ಹೆಸರೆಲ್ಲ ಸಾಫ್, ಬೇಟಾ. ಇದರ ತಲ್ಯಾಗ ಏನೂ ನಿಲ್ಲಂಗಿಲ್ಲ. ಮತ್ತ ಚಾಲೂ ಮಾಡಿದ್ರ ಇದೇ ಎ ಎ ಎ. ಎ ಎ ಎ ಮುಂದಿನ ಪಾಯಿಂಟ್ ದಾಟಿದವಂದು ಅಷ್ಟೇ ಹೆಸರು ಬೀಳ್ತದ."

ಮಾಪಣ್ಣ ಅಪ್ಪನ ಅಂಗಿ ಹಿಡಿದು ಜಗ್ಗಿದ.

"ನಿನಗ ಗೊತ್ತಿತ್ತಲ್ಲ. ಗೊತ್ತಿದ್ದೂ ಕರ್ಕೊಂಡು ಬಂದಿ. ನಾಳಿ ನಾ ಸಾಲ್ಯಾಗ ಏನಂತ ಹೇಳ್ಲಿ?"

ಗುಂಡಣ್ಣ ಮಲಂಗಸಾಬನ ಕಡೆ ತಿರುಗಿದ. "ಲೈನ್ ಎಷ್ಟಕ್ಕ ಹೋಗ್ತದ್ರಿ?"

"ನಾಕಕ್ಕ. ಇನ್ನ ಅರ್ಧಾ ತಾಸು ಅದ."

"ಆಡ್ತೀನ್ರಿ."

ಮೊದಲ ಆಟ ಶುರುವಾಗುವುದರೊಳಗೇ ಮುಗಿಯಿತು. ಗೊನೆ ಎತ್ತುವ ಕೈಗೆ ಹಡಗು ಆಡಿಸುವ ಆ ಸಣ್ಣ ಹಿಡಿ ಸಿಗುತ್ತಲೇ ಇರಲಿಲ್ಲ. ಎರಡನೆಯದೂ ಹಾಗೇ ಆಯಿತು. ಹೊಸ ಟಿವಿ ಮುಂದಿನ ಹುಡುಗನೊಬ್ಬ ತಿರುಗಿ ನೋಡಿದ. "ಅಂಕಲ್, ಮಕ್ಕಳಿಗಿ ಬಿಡ್ರಿ, ನಿಮಗ ಆಗಂಗಿಲ್ಲ," ಅಂದ. ಮಾಪಣ್ಣ ಬಾಗಿಲಿಗೆ ಹೋಗಿ ಬೀದಿ ನೋಡುತ್ತಾ ನಿಂತ. ಇವನು ನಮ್ಮಪ್ಪ ಅಂತ ಯಾರಿಗೂ ಗೊತ್ತಾಗದಿದ್ದರೆ ಸಾಕು ಅನಿಸಿತು.

"ಮಾಪಾ, ಇಲ್ಲಿ ಬಾ," ಅಂದ ಗುಂಡಣ್ಣ, ಪರದೆಯಿಂದ ಕಣ್ಣು ತೆಗೆಯದೆ. "ನನ್ನ ಕಣ್ಣು ಅಷ್ಟ ಜಲ್ದಿ ಓಡವಲ್ಲವು. ಎಲ್ಲಿ ಖಾಲಿ ಅದ ನೀ ನೋಡಿ ಹೇಳು."

ಮಾಪಣ್ಣ ಕದಲಲಿಲ್ಲ.

"ಮನ್ಯಾಗ ಹೇಳಿಕೊಟ್ಟೀನಲ್ಲ. ಹಡಗ ನೋಡಬ್ಯಾಡ. ಖಾಲಿ ಜಾಗ ಅಷ್ಟೇ ನೋಡು."

ಸಿಟ್ಟು ಇಳಿದಿರಲಿಲ್ಲ. ಆದರೂ ಹೋಗಿ ಪಕ್ಕದಲ್ಲಿ ನಿಂತ. ಸಾಲುಗಳು ಇಳಿಯತೊಡಗಿದವು. ಹುಣಸೆ ಬೀಜಗಳು ಇಳಿದಂತೆಯೇ ಇತ್ತು, ಜೋರು ಮಾತ್ರ ಹೆಚ್ಚು.

"ಎಡಕ್ಕ," ಅಂದ ಮೆಲ್ಲಗೆ. ಅಪ್ಪನ ಕೈ ಎಡಕ್ಕೆ ಹೋಯಿತು. "ಇನ್ನೂ ಎಡಕ್ಕ. ನಿಲ್ಲು. ಬಲಕ್ಕ, ಬಲಕ್ಕ."

ಪಾಯಿಂಟು ಏರಿತು. ತಮ್ಮ ಮೂರು ಹಡಗುಗಳಲ್ಲಿ ಒಂದು ಸಿಡಿಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಉಳಿದದ್ದು ಕೊನೆಯದು. ಮೇಲೆ ಫ್ಯಾನು ಒಮ್ಮೆ ಮಂದವಾಗಿ ಮತ್ತೆ ತಿರುಗಿತು. ಈಗಲೇ ಲೈನ್ ಹೋದರೆ ಎಲ್ಲಾ ಮುಗಿದಂತೆ. ಮಾಪಣ್ಣ ಗಡಿಯಾರ ನೋಡಲಿಲ್ಲ, ನೋಡಿದರೆ ಖಾಲಿ ಜಾಗ ತಪ್ಪುತ್ತಿತ್ತು. ಅಪ್ಪನ ಕುತ್ತಿಗೆಯಿಂದ ಬೆವರು ಇಳಿದು ಅಂಗಿಯೊಳಗೆ ಹೋಗುತ್ತಿತ್ತು. "ನಡುವಿಗಿ," ಅಂತ ಮಾಪಣ್ಣ ಹೇಳುವ ಮೊದಲೇ ಆ ಕೈ ನಡುವಿಗೆ ಬಂದಿತ್ತು. ಈಗ ಅದು ಬೇರೆಯೇ ಕೈ.

ಕೊನೆಗೆ ಎರಡೂ ಕಡೆಯಿಂದ ಗುಂಡು ಬಂದವು. ಎಲ್ಲೂ ಖಾಲಿ ಉಳಿಯಲಿಲ್ಲ. ಹಡಗು ಸಿಡಿಯಿತು.

ಪರದೆ ಒಂದು ಕ್ಷಣ ಸುಮ್ಮನಿದ್ದು, ಹೆಸರು ಕೇಳಿತು.

ಕರೆಯಿಂದ ಕಪ್ಪಾದ ಹೆಬ್ಬೆರಳು ಒಂದೊಂದೇ ಅಕ್ಷರ ಹುಡುಕಿತು. ಜಿ. ಯು. ಎನ್. ಗುಂಡಣ್ಣ ಎಂಬ ಹೆಸರಿನ ಮೂರೇ ಅಕ್ಷರ ಅಲ್ಲಿ ಹಿಡಿಸುತ್ತಿದ್ದವು. ಅದು ಎಲ್ಲಾ ಎ ಎ ಎಗಳ ತಲೆ ಮೇಲೆ ಹೋಗಿ ಕುಳಿತು. ಅಂಕಲ್ ಅಂದಿದ್ದ ಹುಡುಗ ತನ್ನ ಆಟ ಬಿಟ್ಟು ಎದ್ದು ಬಂದು ನೋಡಿದ.

"ಅಪ್ಪಾ, ಹೆಸರು ದಿನಾ ಅಳಿಸಿ ಹೋಗತಿತ್ತಲ್ಲ. ಮತ್ತ ಯಾಕ ಬರೀತಿದ್ದಿ?"

"ಸಾಲ್ಯಾಗ ಬೋರ್ಡಿನ ಮ್ಯಾಲ ನನ್ನ ಹೆಸರು ಬರೀತಿದ್ರು, ಗದ್ಲ ಮಾಡ್ದವರು ಅಂತ. ಇಲ್ಲಿ ನಾನೇ ಬರೀತಿದ್ದೆ." ಗುಂಡಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಲೈನ್ ಬಂದ ಮ್ಯಾಲ ಮತ್ತ ಬರೀತಿದ್ದೆ."

ಟಕ್ ಎಂದಿತು. ಫ್ಯಾನು ನಿಂತಿತು. ಪರದೆ ಕಪ್ಪಾಯಿತು.

ಮಾಪಣ್ಣನಿಗೆ ಅಳು ಬಂತು. ಅಪ್ಪನ ಮುಖ ನೋಡಿದ. ಗುಂಡಣ್ಣ ನಗುತ್ತಿದ್ದ, ಹೊಟ್ಟೆ ತುಂಬ ಉಂಡು ಎದ್ದವನಂತೆ. "ನಡಿ, ಬಸ್ಸು ತಪ್ಪತದ," ಅಂದ.

ಸೋಮವಾರ ಸರ್ ಮರೆತಿರಲಿಲ್ಲ. ಹಾಜರಿ ಮುಗಿದ ಕೂಡಲೇ ಮಾಪಣ್ಣನನ್ನು ಬೋರ್ಡಿನ ಹತ್ತಿರ ಕರೆದರು.

"ಹೋಗಿ ಬಂದೇನು? ಹೆಸರು ಅದನೋ, ಇಲ್ಲೋ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಈಗ ಹೆಸರು ಇಲ್ಲ. ಆದರೆ ಇತ್ತು, ಕಣ್ಣಾರೆ ನೋಡಿದ್ದ. 'ಅದ' ಅಂದರೆ ತನ್ನ ಮಾತು ಸುಳ್ಳು, 'ಇಲ್ಲ' ಅಂದರೆ ಅಪ್ಪ ಸುಳ್ಳ. ಲೈನ್ ಹೋದದ್ದು, ಆ ಕಪ್ಪು ಹೆಬ್ಬೆರಳು, ಫ್ಯಾನು ನಿಂತ ಮೇಲೂ ಅಪ್ಪ ನಕ್ಕದ್ದು, ಎಲ್ಲವನ್ನೂ ಹೇಳಬಹುದಿತ್ತು. ಸರ್ ಆಗಲೇ ಮುಗುಳ್ನಗುತ್ತಿದ್ದರು. ಇವರಿಗೆ ಅದು ಬೇಕಾಗಿಲ್ಲ ಅಂತ ಮಾಪಣ್ಣನಿಗೆ ಹೊಳೆಯಿತು. ಬೇಕಾದ ಇಬ್ಬರಿಗೂ ಅದು ನಿನ್ನೆಯೇ ಸಿಕ್ಕಿತ್ತು.

"ಹೆಸರು ಇಲ್ಲ, ಹೌದಿಲ್ಲೋ? ಹೇಳು ಹಂಗಾರ. ನಮ್ಮಪ್ಪ..." ಸರ್ ಮಾತನ್ನು ಅರ್ಧಕ್ಕೆ ಬಿಟ್ಟು ಕಾದರು.

ಜಹಾಂಗೀರ್ ಕೂಡ ನಗಲಿಲ್ಲ. ಮಾಪಣ್ಣ ಸರ್ ಮುಖವನ್ನೂ ಮೇಜಿನ ಮೇಲಿನ ಛಡಿಯನ್ನೂ ನೋಡಿದ.

ಆಮೇಲೆ ತಿರುಗಿ, ಸಾಲುಗಳ ನಡುವೆ ತನ್ನ ಜಾಗದ ಕಡೆಗೆ ನಡೆದ.

"ಏ, ನಿನಗೇ ಕೇಳಾಕತ್ತೀನಿ."

ಅವನು ನಡೆಯುತ್ತಲೇ ಇದ್ದ.