ಬಳೆ ತೆಗೆದ ಬಾಟಲಿ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಸದ ಗಾಡಿ ನರ್ಸಮ್ಮನ ಮನೆ ಮುಂದೆ ನಿಂತಿತು. ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಮೂರನೇ ಸಲಕ್ಕೆ ಎದುರುಮನೆಯವರು ಕಿಟಕಿ ತೆಗೆದು ಬೈದರು. ನರ್ಸಮ್ಮ ಮಾತ್ರ ಹೊರಗೆ ಬರಲಿಲ್ಲ.

ಇದು ಆಗುವ ಮಾತಲ್ಲ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಗಡಿಯಾರ ತಪ್ಪಿದರೂ ಅವರು ತಪ್ಪುವವರಲ್ಲ. ಒಂದು ಕೈಯಲ್ಲಿ ಹಸಿ ಕಸದ ಬಕೆಟ್, ಇನ್ನೊಂದರಲ್ಲಿ ಒಣ ಕಸದ ಚೀಲ ಹಿಡಿದು ಗೇಟಿನಲ್ಲೇ ಕಾಯುವವರು. ಗಾಡಿ ಎರಡು ನಿಮಿಷ ತಡವಾದರೆ ಡ್ರೈವರನಿಗೆ ಮಂಗಳಾರತಿ.

ಆ ಡ್ರೈವರನಿಗೆ ಕಸದ ಡಿಪೋದವರು ಇಟ್ಟ ಹೆಸರೇ ಹಾರ್ನ್. ಅವನು ಮನೆ ಸುತ್ತಿ ಹಿತ್ತಲಿಗೆ ಹೋದ. ಹಿಂಬಾಗಿಲು ಹಾರುಹೊಡೆದಿತ್ತು. ಜಗಲಿಯ ಮೇಲೆ ಕುರ್ಚಿ ಉರುಳಿತ್ತು. ಅದರ ಪಕ್ಕದಲ್ಲಿ ನರ್ಸಮ್ಮ ಬಿದ್ದಿದ್ದರು. ಬಾಯಲ್ಲಿ ನೊರೆ. ಒಂದು ಕೈ ಚಹಾದ ಲೋಟದ ಕಡೆ ಚಾಚಿತ್ತು, ಇನ್ನೊಂದರಲ್ಲಿ ನೆಗಡಿಗೆ ಹಿಡಿದ ಕರವಸ್ತ್ರ ಮುದುಡಿತ್ತು. ಬಾಗಿಲಿಗೆ ಒರಗಿಸಿಟ್ಟ ಒಣ ಕಸದ ಚೀಲ ಗಾಡಿಗೆ ಕಾಯುತ್ತ ಕೂತಿತ್ತು.

ಹಾರ್ನ್ ಓಡಿದ ಓಟಕ್ಕೆ ಅವನ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಪೊಲೀಸರು ಬಂದರು. ಚೀಲ ಬಿಚ್ಚಿದರು. ಒಳಗೆ ಗಿಡಕ್ಕೆ ಹೊಡೆಯುವ ವಿಷದ ಖಾಲಿ ಬಾಟಲಿ ಸಿಕ್ಕಿತು. ಆ ಮನೆಯಲ್ಲಿ ಬೆಳಿಗ್ಗೆ ಕೆಲಸ ಮಾಡಿ, ಚಹಾ ಕಾಯಿಸಿ ಫ್ಲಾಸ್ಕಿಗೆ ಹಾಕಿ, ಕಸದ ಚೀಲ ಬಾಗಿಲಲ್ಲಿಟ್ಟು, ಏಳೂ ಕಾಲಿಗೆ ಹೊರಟವಳು ಒಬ್ಬಳೇ ಹುಡುಗಿ. ಸಂಜೆಯೊಳಗೆ ಅವಳು ಠಾಣೆಯಲ್ಲಿದ್ದಳು.

* * *

ಹುಡುಗಿಯ ತಾಯಿ ಡಿಪೋದಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವವಳು. ಹದಿನಾಲ್ಕು ವರ್ಷದ ಅನುಭವ. ಓದುವ ಕನ್ನಡಕದ ಮೇಲೆ ಡಿಪೋದವರು ಕೊಟ್ಟ ಧೂಳಿನ ಕನ್ನಡಕವನ್ನೂ ಏರಿಸಿಕೊಳ್ಳುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲಿ ಕನ್ನಡಕದಕ್ಕ.

ಬುಧವಾರ ಬೆಳಿಗ್ಗೆ ಅವಳು ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಮೇಡಂ ಎದುರು ನಿಂತಿದ್ದಳು. ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

"ನಿಮ್ಮ ಮಗಳು ಬಾಯೇ ಬಿಡ್ತಿಲ್ಲ," ಎಂದರು ಇನ್ಸ್‌ಪೆಕ್ಟರ್. "ನರ್ಸಮ್ಮನ ಶೆಲ್ಫಿನ ಮೇಲೆ ಸೂಜಿ ತುಂಬಿದ ಜಾಡಿ ಇತ್ತು, ಈಗ ಇಲ್ಲ, ಇಷ್ಟೇ ಹೇಳೋದು. ಬಾಕಿ ಎಲ್ಲ ಅಳು."

"ಯಾವ ಸೂಜಿ ಮೇಡಂ?"

"ಇಂಜೆಕ್ಷನ್ ಸೂಜಿ. ಅವರ ಹೂಕುಂಡಕ್ಕೆ ಹಾಕಿದ ಗೊಬ್ಬರದಲ್ಲಿ ಸಿಕ್ಕಿತ್ತಂತೆ."

ಗೊಬ್ಬರ ಹೋಗುವುದು ಡಿಪೋದಿಂದ. ಅಕ್ಕನಿಗೆ ಅದು ತಲೆಗೆ ಹೋಗಲಿಲ್ಲ. ಅವಳ ಕಣ್ಣು ಮೇಜಿನ ಮೇಲೆ ಹರಡಿದ್ದ ಚೀಲದ ಕಸದ ಮೇಲಿತ್ತು. ವಿಷದ ಬಾಟಲಿಯ ಮೇಲೆ ದೃಷ್ಟಿ ನಿಂತಿತು.

ಬಾಟಲಿ ಚಪ್ಪಟೆಯಾಗಿತ್ತು. ಮುಚ್ಚಳವಿರಲಿಲ್ಲ. ಕತ್ತಿನಲ್ಲಿ ಬಳೆಯೂ ಇರಲಿಲ್ಲ.

ಮುಚ್ಚಳ ತಿರುಗಿಸಿದಾಗ ಬಾಟಲಿಯ ಕತ್ತಿನಲ್ಲೇ ಉಳಿಯುತ್ತದಲ್ಲ, ಆ ಉಂಗುರಕ್ಕೆ ಡಿಪೋದಲ್ಲಿ ಬಳೆ ಎನ್ನುತ್ತಾರೆ. ಬಾಟಲಿಯದು ಒಂದು ಪ್ಲಾಸ್ಟಿಕ್, ಬಳೆಯದು ಇನ್ನೊಂದು. ಎರಡೂ ಸೇರಿದರೆ ಕಾರ್ಖಾನೆಯವರು ಇಡೀ ಲೋಡ್ ವಾಪಸ್ ಕಳಿಸುತ್ತಾರೆ. ಹಾಗಾಗಿ ಮುಚ್ಚಳ ಬಿಚ್ಚು, ಬಳೆ ಕೊಯ್ಯಿ, ಕಾಲಲ್ಲಿ ತುಳಿ, ಮುಚ್ಚಳ ಜೇಬಿಗೆ. ದಿನಕ್ಕೆ ಸಾವಿರ ಸಲ. ಮನೆಯಲ್ಲಿ ಕಸ ಹಾಕುವವರು ಯಾರೂ ಬಳೆಯ ತಂಟೆಗೆ ಹೋಗುವುದಿಲ್ಲ. ಬಳೆ ಇದೆ ಎಂಬುದೇ ಅವರಿಗೆ ಗೊತ್ತಿಲ್ಲ.

ಆದರೆ ಅಕ್ಕನ ಮಗಳಿಗೆ ಗೊತ್ತಿತ್ತು. ಎಂಟು ವರ್ಷದವಳಿದ್ದಾಗ ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಇವಳೇ ಕಲಿಸಿದ್ದಳು.

ಹೇಳಿದರೆ ಮಗಳ ಕುತ್ತಿಗೆಗೆ ಉರುಳು. ಹೇಳದಿದ್ದರೂ ಅದೇ ಉರುಳು. ಅತ್ತ ದರಿ, ಇತ್ತ ಪುಲಿ.

ಇನ್ನೊಮ್ಮೆ ನೋಡಿದಳು. ಬೇರ್ಪಡಿಸುವವಳ ಕಣ್ಣಿನಲ್ಲಿ ನೋಡಿದಳು. ಅದೇ ರಾಶಿಯಲ್ಲಿ ಇನ್ನೂ ಐದು ಬಾಟಲಿಗಳಿದ್ದವು. ಶಾಂಪೂ, ಎಣ್ಣೆ, ಫಿನಾಯಿಲ್, ನೀರಿನವು ಎರಡು. ಐದಕ್ಕೂ ಮುಚ್ಚಳವಿತ್ತು. ನೀರಿನ ಬಾಟಲಿಗಳಿಗೆ ಬಳೆ ಹಾಗೇ ಇತ್ತು. ಒಂದನ್ನೂ ತುಳಿದಿರಲಿಲ್ಲ.

"ಮೇಡಂ, ಈ ಚೀಲ ಡಿಪೋಗೆ ಬಂದಿತ್ತಾ?"

"ಇಲ್ಲ. ಜಗಲಿಯಿಂದ ನೇರ ಇಲ್ಲಿಗೆ."

"ಹಾಗಾದ್ರೆ ಇದರಲ್ಲಿ ಎರಡು ಕೈ ಆಡಿದೆ." ಅವಳು ಎಲ್ಲವನ್ನೂ ಹೇಳಿದಳು.

ಇನ್ಸ್‌ಪೆಕ್ಟರ್ ಬಾಟಲಿ ಎತ್ತಿ ಅದರ ಕತ್ತು ನೋಡಿದರು. "ನಿಮ್ಮ ಮಗಳಿಗೆ ಈ ಕೆಲಸ ಗೊತ್ತಾ?"

"ಗೊತ್ತು. ನಾನೇ ಕಲಿಸಿದ್ದು." ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಆದ್ರೆ ಆ ಐದು ಬಾಟಲಿ ಹಾಕಿದ್ದು ಅವಳು. ಡಿಪೋ ಅಂದ್ರೇನೇ ಮೂಗು ಮುಚ್ಕೊಳ್ಳೋಳು. ಕೈಗೆ ಹತ್ತಿದ ಚಾಳಿ ಒಂದು ಬಾಟಲಿಗೆ ಮಾತ್ರ ಬರುತ್ತಾ ಮೇಡಂ?"

"ಕೋರ್ಟಿಗೆ ಇದು ಸಾಲದು. ಮುಚ್ಚಳ ಮನೆಯಲ್ಲೆಲ್ಲೂ ಸಿಕ್ಕಿಲ್ಲ. ಅದು ಬೇಕು."

"ಹಾರ್ನ್ ಜೊತೆ ನರ್ಸಮ್ಮಂಗೆ ಸೋಮವಾರ ಜಗಳ ಆಗಿತ್ತು," ಎಂದಳು ಅಕ್ಕ. ಹೇಳಿದ ಮೇಲೆ ನಾಚಿಕೆಯಾಯಿತು. ಸ್ವಂತ ಮಗಳನ್ನು ಬಿಡಿಸಲು ಇನ್ನೊಬ್ಬರ ಮಗನನ್ನು ತೋರಿಸಿದ್ದಳು.

* * *

ಡಿಪೋದ ಗೇಟಿನ ಬಳಿ ನೀಲಿ ಡ್ರಮ್ ಇದೆ. ಎಲ್ಲರೂ ಜೇಬು ಖಾಲಿ ಮಾಡುವುದು ಅದರೊಳಗೆ. ಮುಚ್ಚಳ, ಬಳೆ, ಅಷ್ಟೇ. ಶನಿವಾರದವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ.

ಅಂದೇ ಊಟದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ ಹೋದರು. ರಟ್ಟು ಒತ್ತುವ ಯಂತ್ರ ಮಾತ್ರ ಧಡಧಡ ಬಡಿಯುತ್ತಿತ್ತು. ಅಕ್ಕ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿದಳು. ಬಿಳಿ, ನೀಲಿ, ಹಸಿರು. ಹುಡುಕುತ್ತ ಹೋದಂತೆ ಬೆನ್ನಿನ ಮೇಲೆ ಬೆವರು ಇಳಿಯಿತು.

ಕೆಂಪು ಮುಚ್ಚಳ ಸಿಕ್ಕಿತು. ಮೇಲೆ ತಲೆಬುರುಡೆಯ ಗುರುತು.

ಇದು ಇಲ್ಲಿರಲೇಬಾರದು. ವಿಷದ ಬಾಟಲಿಯ ಮುಚ್ಚಳ ಬಿಚ್ಚಬಾರದೆಂಬುದು ಡಿಪೋದ ಮೊದಲ ಪಾಠ. ಮುಚ್ಚಳದ ಸಮೇತ ಬೀಗದ ಪೆಟ್ಟಿಗೆಗೆ ಹಾಕಬೇಕು. ಅವಳು ಅದನ್ನು ಕೈಗವಸಿನೊಳಗೆ ತುರುಕಿದಳು.

"ಏನಮ್ಮ ಹುಡುಕ್ತಿದೀಯ?"

ಬೆನ್ನ ಹಿಂದೆ ಮೇಸ್ತ್ರಿ ನಿಂತಿದ್ದ. ಡಿಪೋದ ಯಜಮಾನಿಕೆ ಅವನದು. ಇವಳಿಗೆ ಕೆಲಸ ಕೊಡಿಸಿದವನೂ ಅವನೇ. ಒಂದು ಕಾಲದಲ್ಲಿ ಇದೇ ಡಿಪೋದ ಬೇರ್ಪಡಿಸುವ ಮೇಜಿನ ಮುಂದೆ ನಿಂತು ಬಾಟಲಿ ತುಳಿದವನು. ಈಗ ಇಸ್ತ್ರಿ ಶರಟು, ಬೆಳಿಗ್ಗೆ ಸ್ಕೂಟರಿನಲ್ಲಿ ಬೀದಿ ತಪಾಸಣೆ.

"ಏನಿಲ್ಲ ಅಣ್ಣ."

"ಮಗಳ ಬಗ್ಗೆ ಹೆದರಬೇಡ. ಲಾಯರನ್ನ ನಾನು ನೋಡ್ತೀನಿ. ಅವಳು ನನಗೂ ಮಗಳಿದ್ದ ಹಾಗೆ." ಅವನು ಹತ್ತಿರ ಬಂದ. "ಕೈಯಲ್ಲೇನು?"

ಅವಳು ತಿರುಗಿ ಡ್ರಮ್ಮಿನಿಂದ ಪಕ್ಕಕ್ಕೆ ಸರಿದಳು. ಹಿಂದೆ ಎರಡೇ ಹೆಜ್ಜೆಗೆ ಒತ್ತುವ ಯಂತ್ರದ ಬಾಯಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಸೂಜಿ ಚುಚ್ಚಿತು ಅಣ್ಣ."

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಮುಚ್ಚಳದ ಡ್ರಮ್ಮಿಗೆ ಸೂಜಿ ಹೇಗೆ ಬಂತು? ಯಾರಾದರೂ ಕೇಳಬೇಕಾದ ಮಾತು ಅದು. ರಕ್ತ ಬಂತಾ ಎಂದಾದರೂ ಕೇಳಬೇಕು. ಅವನು ಎರಡನ್ನೂ ಕೇಳಲಿಲ್ಲ.

"ಯಾರಿಗೆ ಹೇಳಿದೆ?" ಎಂದ.

ಆಗ ಅವಳಿಗೆ ಗೊತ್ತಾಯಿತು. ಗೊಬ್ಬರಕ್ಕೆ ಸೂಜಿ ಹೇಗೆ ಬಂತೆಂಬುದೂ ಗೊತ್ತಾಯಿತು. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಯಂತ್ರದ ಬಿಸಿ ಬೆನ್ನಿಗೆ ತಾಗಿತು.

ಗೇಟಿನಲ್ಲಿ ಗಾಡಿ ಬಂದು ನಿಂತು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಹದಿನಾಲ್ಕು ವರ್ಷ ಆ ಸದ್ದಿಗೆ ಶಾಪ ಹಾಕಿದವಳು ಈಗ ಅದರ ಕಡೆಗೇ ಓಡಿದಳು.

* * *

ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಡಿಪೋಗೆ ಬಂದರು. ಹಾರ್ನ್ ಮತ್ತು ಮೇಸ್ತ್ರಿಯನ್ನು ಮೇಜಿನ ಮುಂದೆ ಕೂರಿಸಿದರು. ಸೆಖೆ ಎಂದು ಇಬ್ಬರಿಗೂ ಒಂದೊಂದು ನೀರಿನ ಬಾಟಲಿ ಕೊಟ್ಟರು. ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದ್ದರು.

"ನರ್ಸಮ್ಮನ ಜೊತೆ ಜಗಳ ಯಾಕೆ?"

"ಗೊಬ್ಬರದಲ್ಲಿ ಸೂಜಿ ಇದೆ ಅಂತ ನಂಗೆ ಬೈದ್ರು ಮೇಡಂ," ಎಂದ ಹಾರ್ನ್. "ನಾನೇನು ಮಾಡ್ಲಿ? ಬಂದು ಮೇಸ್ತ್ರಿಗೆ ಹೇಳ್ದೆ." ಗಟಗಟ ನೀರು ಕುಡಿದ. ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿ ಬಾಟಲಿಯನ್ನು ಮೂಲೆಗೆ ಎಸೆದ. ಹೆಂಗಸರು ಹಲ್ಲು ಕಡಿದರು. ಜನ್ಮದಲ್ಲೇ ಕಸ ಬೇರ್ಪಡಿಸಿದವನಲ್ಲ ಅವನು.

"ಹೇಳಿದ್ನಾ ಮೇಸ್ತ್ರಿಗಳೇ?"

"ಏನೋ ಹೇಳ್ದ. ನಾನು ಗಮನ ಕೊಡ್ಲಿಲ್ಲ." ಮೇಸ್ತ್ರಿ ಮೆಲ್ಲಗೆ ನೀರು ಕುಡಿದ. "ಮಂಗಳವಾರ ನಾನು ಕೆರೆ ಬೀದಿಲಿದ್ದೆ. ಆ ಕಡೆ ತಲೆಯೂ ಹಾಕಿಲ್ಲ."

"ಬಾಟಲಿಗೀಟಲಿ ಮುಟ್ಟೋದು?"

"ನಾನಾ? ಕಸಕ್ಕೆ ಕೈ ಹಾಕಿ ಆರು ವರ್ಷ ಆಯ್ತು ಮೇಡಂ."

ಅವನ ಬಾಯಿ ಮಾತಾಡುತ್ತಿತ್ತು. ಕೈ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಮುಚ್ಚಳ ಮೇಜಿನ ಮೇಲೆ ಕೂತಿತು. ಕೀಲಿ ಗೊಂಚಲಿನ ಪುಟ್ಟ ಚಾಕು ಹೊರಬಂತು. ಒಂದೇ ಎಳೆತಕ್ಕೆ ಬಳೆ ಕಿತ್ತುಬಂತು. ಬಾಟಲಿ ಕಾಲಡಿ ಹೋಯಿತು. ಚಟ್ ಎಂದಿತು. ಮುಚ್ಚಳ, ಬಳೆ ಎರಡೂ ಜೇಬಿಗಿಳಿದವು.

ಆ ಸದ್ದಿಗೆ ಅವನೇ ಬೆಚ್ಚಿ ಕೆಳಗೆ ನೋಡಿದ.

ಅಕ್ಕ ಠಾಣೆಗೆ ತಲುಪಿಸಿದ್ದ ಕೆಂಪು ಮುಚ್ಚಳವನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು.

"ಇದನ್ನೂ ಹೀಗೇ ಜೇಬಿಗೆ ಹಾಕಿದ್ರಿ. ಸಂಜೆ ಜೇಬು ಖಾಲಿ ಮಾಡೋವಾಗ ನೋಡಲೂ ಇಲ್ಲ. ಫ್ಲಾಸ್ಕಿನ ಚಹಾದಲ್ಲಿ ವಿಷ ಇಲ್ಲ, ಲೋಟದಲ್ಲಿ ಮಾತ್ರ ಇದೆ. ಚಹಾ ಕಾಯಿಸಿದವಳು ಹೋದ ಮೇಲೆ ಯಾರೋ ಬಂದು ಜಗಲಿಯಲ್ಲಿ ಕೂತಿದ್ದಾರೆ. ಡಿಪೋದ ಕೈ ಇರೋರು. ಮೇಜಿನ ಹೆಂಗಸರು ಆರೂ ಜನ ಬೆಳಿಗ್ಗೆ ಏಳರಿಂದ ಕ್ಯಾಮೆರಾದಲ್ಲಿದ್ದಾರೆ. ಹಾರ್ನ್ ಕೈ ಈಗ ತಾನೇ ನೋಡಿದ್ವಿ. ಇನ್ನು ಉಳಿದೋರು ಯಾರು?"

ಮೇಸ್ತ್ರಿಯ ಕೈ ಜೇಬಿನ ಮೇಲೆ ಹೋಯಿತು.

"ಯಾವುದೋ ಕ್ಲಿನಿಕ್ಕಿನ ಕಸವನ್ನ ಹಿಂದಿನ ಗೇಟಿಂದ ಒಳಗೆ ಬಿಡ್ತಿದ್ರಿ. ಸೂಜಿ ಗೊಬ್ಬರಕ್ಕೆ ಸೇರ್ತು. ನರ್ಸಮ್ಮ ಕಣ್ಣಿಗೆ ಬಿತ್ತು. ಜಾಡಿ ತರೋಕೆ ಅವರು ಒಳಗೆ ಹೋದಾಗ ಲೋಟಕ್ಕೆ ಸುರಿದ್ರಿ. ಅವರಿಗೆ ನೆಗಡಿ, ವಾಸನೆ ಹತ್ತಲಿಲ್ಲ. ಬಾಟಲಿಯನ್ನ ಅವರ ಚೀಲಕ್ಕೇ ಹಾಕಿದ್ರಿ, ಕೆಲಸದವಳ ತಲೆಗೆ ಬರಲಿ ಅಂತ. ಜಾಡಿ ಎಲ್ಲಿ?"

ಉತ್ತರ ಕೊಟ್ಟಿದ್ದು ಹೊರಗೆ ಸ್ಕೂಟರ್ ತಪಾಸಣೆ ಮಾಡಿ ಬಂದ ಕಾನ್ಸ್‌ಟೇಬಲ್. ಜಾಡಿ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಅವನು ಅದನ್ನು ಎಸೆದಿರಲಿಲ್ಲ. ಎಸೆದದ್ದೆಲ್ಲ ಯಾರದಾದರೂ ಕಣ್ಣ ಮುಂದೆ ಬಂದೇ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೇಸ್ತ್ರಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದ. ಬೇರೆಯವರ ಕೈಗಳೇನೋ ಎಂಬಂತೆ ನೋಡಿದ. ಅಕ್ಕನ ಕಡೆ ಮಾತ್ರ ತಲೆ ಎತ್ತಲಿಲ್ಲ.

* * *

ಸಂಜೆ ಮಗಳು ಮನೆಗೆ ಬಂದಳು. ಮುಖ ತೊಳೆದಳು. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಅಮ್ಮ, ಒಂದು ಗಳಿಗೆಯಾದ್ರೂ ನಾನೇ ಮಾಡಿರಬಹುದು ಅನ್ನಿಸ್ತಾ ನಿನಗೆ?"

ಇಲ್ಲ ಎಂದುಬಿಡಬಹುದಿತ್ತು. ಯಾವ ತಾಯಿಯಾದರೂ ಹಾಗೇ ಹೇಳುತ್ತಿದ್ದಳು.

"ಅನ್ನಿಸ್ತು," ಎಂದಳು ಅಕ್ಕ. "ಬಳೆ ಇಲ್ಲದ ಬಾಟಲಿ ನೋಡಿದಾಗ. ಒಂದು ಗಳಿಗೆ."

ಚಹಾ ಕುದಿದು ಉಕ್ಕಿತು. ಮಗಳು ಸೋಸಿ, ಲೋಟಕ್ಕೆ ಸುರಿದು, ತಾಯಿಯ ಮುಂದಿಟ್ಟಳು. ಎದುರಿಗೆ ನಿಂತು ನೋಡಿದಳು.

ಹಬೆ ಏಳುತ್ತಿತ್ತು. ಅಕ್ಕ ಆರುವವರೆಗೆ ಕಾಯಲಿಲ್ಲ. ಲೋಟ ಎತ್ತಿ, ಮಗಳ ಕಣ್ಣನ್ನೇ ನೋಡುತ್ತ, ನಾಲಿಗೆ ಸುಟ್ಟರೂ ನಿಲ್ಲಿಸದೆ ತಳದವರೆಗೆ ಕುಡಿದಳು.